ಅಜ್ಜನ .315 ರೈಫಲ್‌ಗೆ ಹಳೆಯ ಮಾದರಿಯ ಹೊಸ ದಸ್ತಾ: ಬೆಳಗಾವಿ ಭಾಗದವರ ಸಲಹೆ ಬೇಕು

ಖಾನಾಪುರದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನವರು ಕಾಡುಹಂದಿಯ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಟ್ಟುಕೊಂಡಿದ್ದ .315 ರೈಫಲ್, ಅವರು ತೀರಿಕೊಂಡ ಮೇಲೆ ಎರಡು ವರ್ಷ ಠೇವಣಿಯಲ್ಲಿದ್ದು, ಈ ಯುಗಾದಿಯ ಹೊತ್ತಿಗೆ ನನ್ನ ಹೆಸರಿಗೆ ಪರವಾನಗಿಯಾಗಿ ಮನೆಗೆ ಬಂದಿದೆ. ಈಶಾಪುರದ ಸರ್ಕಾರಿ ಕಾರ್ಖಾನೆಯ ತಯಾರಿಕೆ. ಕಬ್ಬಿಣದ ಭಾಗಗಳಲ್ಲಿ ದೋಷವಿಲ್ಲವೆಂದು ಡೀಲರ್ ಹೇಳಿದ್ದಾರೆ; ಕೈಬಿಟ್ಟಿರುವುದು ದಸ್ತಾ, ಅಂದರೆ ಭುಜಕ್ಕೂ ಕೈಗೂ ಆಸರೆಯಾಗುವ ಮರ. ಹಿಡಿತದ ಹತ್ತಿರ, ಹೆಬ್ಬೆರಳು ಸುತ್ತಿಕೊಳ್ಳುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕೊಂದು ಓರೆಯಾಗಿ ಓಡಿದೆ. ಅಲ್ಲಿ ಉಗುರು ಒತ್ತಿದರೆ ಮರ ನೆನೆದ ಹುಣಸೆಯಂತೆ ಮೆತ್ತಗಾಗಿ ಒಳಗಿನಿಂದ ಕಪ್ಪು ಎಣ್ಣೆ ಜಿನುಗುತ್ತದೆ.

ಬೇಟೆಯ ಉದ್ದೇಶ ನನಗಿಲ್ಲ. ಅದಕ್ಕೆ ಈಗ ಅವಕಾಶವೂ ಇಲ್ಲ. ಅನುಮತಿಯಿರುವ ರೇಂಜ್‌ನಲ್ಲಿ ವರ್ಷಕ್ಕೆ ನಾಲ್ಕಾರು ಸಲ ಗುರಿ ಹಿಡಿಯಬೇಕು, ಉಳಿದ ದಿನ ಅಜ್ಜನ ನೆನಪಾಗಿ ಅಂದವಾಗಿ ಇರಬೇಕು, ಅಷ್ಟೇ. ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಚಂಪಾವತದ ಹುಲಿಯನ್ನು ಕೊಂದ ಮೇಲೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್‌ನ ಚಿತ್ರಗಳನ್ನು ನೋಡಿ ನೋಡಿ ಅದೇ ಕಣ್ಣಲ್ಲಿ ಕೂತಿದೆ: ಸಣಕಲು ಮುಂಗಟ್ಟಿಗೆ (ನಳಿಗೆಯ ಕೆಳಗಿನ ಮುಂದಿನ ಮರ), ತುದಿಯಲ್ಲಿ ಕರಿ ಕೊಂಬಿನ ಟೋಪಿ, ಎಣ್ಣೆಯ ಮಂದ ಹೊಳಪು. ನನ್ನ ರೈಫಲ್‌ಗೆ ಅಂಥದೊಂದು ದಸ್ತಾ ಮಾಡಿಸಬಹುದೇ? ಮನೆ ಕೆಡವಿದಾಗ ಉಳಿದ ನೂರು ವರ್ಷದ ತೇಗದ ತೊಲೆಯೊಂದು ನಮ್ಮಲ್ಲಿದೆ. ಬೆಳಗಾವಿಯಲ್ಲಿ ಒಳ್ಳೆಯ ಬಡಿಗರು ಗೊತ್ತಿದ್ದರೆ ತಿಳಿಸಿ, ರೈಫಲ್ ಒಯ್ದು ಕೊಟ್ಟು ಬರುತ್ತೇನೆ.

ಬಾಗಲಕೋಟೆ ವಕೀಲ

ಕೊನೆಯ ವಾಕ್ಯವನ್ನು ಮೊದಲು ಅಳಿಸಿರಿ. ರೈಫಲ್ಲನ್ನು ಬಡಿಗರ ಮನೆಗೆ ಒಯ್ದು ಕೊಟ್ಟು ಬರುವ ಹಾಗಿಲ್ಲ. ಒಂದೇ ರಾತ್ರಿ ಅದು ಅವರ ಅಂಗಡಿಯಲ್ಲಿ ಉಳಿದರೂ, ಪರವಾನಗಿಯಿಲ್ಲದೆ ಶಸ್ತ್ರ ಇಟ್ಟುಕೊಂಡ ಹೊಣೆ ಆ ಬಡಪಾಯಿಯ ಮೇಲೆ ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮು ತಯಾರಿಕೆ ಮತ್ತು ಮಾರಾಟಗಳ ಜೊತೆಗೆ ಮಾರ್ಪಾಡು, ದುರಸ್ತಿ ಮತ್ತು ಪರೀಕ್ಷೆಗಳನ್ನೂ ಪರವಾನಗಿಗೆ ಒಳಪಡಿಸಿದೆ. ನಳಿಗೆ ಮೊಟಕು ಮಾಡುವುದಕ್ಕೆ 6ನೆಯ ಕಲಮು ಬೇರೆಯೇ ಇದೆ. 2019ರ ತಿದ್ದುಪಡಿಯಾದ ಮೇಲೆ 5ನೆಯ ಕಲಮಿನ ಉಲ್ಲಂಘನೆಗೆ ಕನಿಷ್ಠ 7 ವರ್ಷ, ಮೇಲಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಮರವಷ್ಟೇ ಬದಲಿಸುತ್ತೇನೆಂದು ನೀವು ತಿಳಿದುಕೊಂಡಿರಬಹುದು, ಠಾಣೆಯವರು ಹಾಗೆಯೇ ತಿಳಿದುಕೊಳ್ಳುತ್ತಾರೆಂಬ ಭರವಸೆ ನನಗಿಲ್ಲ.

ದಾರಿ ಇಲ್ಲವೆಂದಲ್ಲ. ದುರಸ್ತಿಯ ಪರವಾನಗಿ ಇರುವ ಅಂಗಡಿಗೆ ರೈಫಲ್ ಕೊಟ್ಟು, ಪರವಾನಗಿ ಪುಸ್ತಕ ತೋರಿಸಿ, ಅದರ ನಂಬರ್ ನಮೂದಾಗಿರುವ ರಸೀದಿ ಪಡೆಯಿರಿ. ಬಡಿಗರು ನಮೂನೆ ಮತ್ತು ಅಳತೆ ನೋಡಿಕೊಂಡು ಮರವನ್ನು ಹೊರಗಡೆ ಹದಗೊಳಿಸಲಿ. ಕಬ್ಬಿಣಕ್ಕೆ ಮರ ಕೂರಿಸುವ ಕೆಲಸವೆಲ್ಲ ಆ ಅಂಗಡಿಯ ಒಳಗೇ ನಡೆಯಲಿ.

ನಮ್ಮ ಜಿಲ್ಲೆಯವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಮುಧೋಳದ ಹತ್ತಿರದ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದು ಆಯುಧಗಳನ್ನು ಒಪ್ಪಿಸಿರೆಂಬ ಕಾನೂನಿನ ಮೇಲೆಯೇ. ನಮ್ಮ ಕಡೆ ಬಂದೂಕಿಗೂ ಕಾಗದಕ್ಕೂ ಜಗಳ ಹಳೆಯದು.

ನಿವೃತ್ತ ಆರ್ಮರರ್

ವಕೀಲರು ಹೇಳಿದ್ದನ್ನು ಮೊದಲು ಪಾಲಿಸು ತಮ್ಮಾ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಶಸ್ತ್ರ ದುರಸ್ತಿಯ ಕೆಲಸ ಮಾಡಿ ಈಗ ಬೆಳಗಾವಿ ಕ್ಯಾಂಪ್‌ನ ಹತ್ತಿರ ಮನೆ ಮಾಡಿಕೊಂಡಿದ್ದೇನೆ, ಗೊತ್ತಿದ್ದದ್ದನ್ನು ಹೇಳುತ್ತೇನೆ.

ರಿಗ್ಬಿಯ ಕನಸು ಬಿಡು. ಅಂದ ಕಡಿಮೆಯೆಂದು ಹೇಳುತ್ತಿಲ್ಲ, ಅದರ ವಂಶವೇ ಬೇರೆ. ಕಾರ್ಬೆಟ್ಟರ ರೈಫಲ್‌ನ ಒಡಲು, ಅಂದರೆ ನಳಿಗೆಯ ಹಿಂದಿನ ಕಬ್ಬಿಣದ ನಡುಭಾಗ, ಜರ್ಮನಿಯ ಮೌಸರ್, ಅದರ ಬೆನ್ನಿಗೆ ತುದಿಯಿಂದ ತುದಿಯವರೆಗೆ ಒಂದೇ ಮರ. ನಿನ್ನದು ಲೀ-ಎನ್‌ಫೀಲ್ಡ್ ವಂಶ. ಇದರ ಒಡಲಿನ ಹಿಂಭಾಗದಲ್ಲಿ ಕಬ್ಬಿಣದ ಗೂಡೊಂದಿದೆ. ಹಿಂದಿನ ದಸ್ತಾ ಆ ಗೂಡಿನೊಳಗೆ ಹೋಗಿ ಉದ್ದನೆಯ ಬೋಲ್ಟಿನಿಂದ ಬಿಗಿಯುತ್ತದೆ, ಮುಂಗಟ್ಟಿಗೆ ಬೇರೆಯೇ ತುಂಡು. ಇದಕ್ಕೆ ಒಂದೇ ಮರ ತೊಡಿಸಬೇಕಾದರೆ ಗೂಡನ್ನು ಕೊಯ್ಯಬೇಕು. ಅಲ್ಲಿಗೆ ನಿನ್ನ ಕೆಲಸ ವಕೀಲರ ಕೈಗೆ ಹೋಗುತ್ತದೆ.

ನಿನ್ನ ರೈಫಲ್‌ಗೆ ಅದರದ್ದೇ ಕುಲದ ಸುಂದರಿ ಇದ್ದಾಳೆ, ಅವಳನ್ನು ನೋಡಿದ್ದೀಯೋ ಇಲ್ಲವೋ. ಜೇಮ್ಸ್ ಪ್ಯಾರಿಸ್ ಲೀ ಮತ್ತು ಜೋಸೆಫ್ ಸ್ಪೀಡ್ ಎಂಬಿಬ್ಬರ ಪೇಟೆಂಟುಗಳ ಹೆಸರು ಹೊತ್ತ ‘ಲೀ-ಸ್ಪೀಡ್’ ಎಂಬ ಸ್ಪೋರ್ಟಿಂಗ್ ರೈಫಲ್‌ಗಳನ್ನು ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ 1890ರ ದಶಕದಿಂದ ಮಾಡಿ ಮಾರುತ್ತಿತ್ತು. ಸಿಪಾಯಿಯ ರೈಫಲ್‌ನಂತೆ ಮೂತಿಯವರೆಗೆ ಮರದ ಕವಚವಿಲ್ಲ. ನಳಿಗೆಯ ಅರ್ಧಕ್ಕೇ ಮುಗಿಯುವ ತೆಳುವಾದ ಮುಂಗಟ್ಟಿಗೆ, ಅಂಗೈಗೆ ಒದಗುವ ಬಾಗಿದ ಹಿಡಿ, ಹಿಡಿಯ ಮೇಲೆ ಚೆಕರಿಂಗ್, ಅಂದರೆ ಕೈ ಜಾರದಂತೆ ಕೊರೆದ ಅಡ್ಡಗೆರೆಗಳ ಜಾಲ. ಭಾರತದಲ್ಲಿ ಸೈನ್ಯದ .303 ತೋಟಾ ನಾಗರಿಕರಿಗೆ ನಿಷಿದ್ಧವಾದ್ದರಿಂದಲೇ 8 ಮಿ.ಮೀ. ತೋಟಾ, ಅಂದರೆ ನಿನ್ನ .315, ಇಲ್ಲಿ ಬೇರೂರಿತು. ಹಾಗಾಗಿ ನಿನ್ನ ಅಜ್ಜನ ರೈಫಲ್ ಲೀ-ಸ್ಪೀಡ್‌ನ ಬಡ ಮೊಮ್ಮಗಳೇ. ಅವಳಿಗೆ ಅವಳ ಅಜ್ಜಿಯ ಸೀರೆ ಉಡಿಸು, ಪಕ್ಕದ ಮನೆಯವರದ್ದು ಬೇಡ.

ಇನ್ನೊಂದು ಮಾತು. ಆ ಕಪ್ಪು ಎಣ್ಣೆ ಎಲ್ಲಿಂದ ಬಂತು ಬಲ್ಲೆಯಾ? ರೈಫಲ್ಲನ್ನು ಮೂಲೆಯಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸುತ್ತಿದ್ದರೇ?

ಖಾನಾಪುರದ ಮೊಮ್ಮಗ

ಹೌದು ಕಾಕಾ, ದೇವರ ಕೋಣೆಯ ಪಕ್ಕದ ಮೂಲೆಯಲ್ಲಿ ಹಾಗೆಯೇ ನಿಲ್ಲಿಸುತ್ತಿದ್ದರು. ಪ್ರತಿ ಆಯುಧಪೂಜೆಗೆ ಎಣ್ಣೆ ಹಾಕಿ ಕುಂಕುಮ ಹಚ್ಚುತ್ತಿದ್ದದ್ದು ನನಗೇ ನೆನಪಿದೆ.

ನಿವೃತ್ತ ಆರ್ಮರರ್

ಅಲ್ಲಿಗೆ ಉತ್ತರ ಸಿಕ್ಕಿತು. ಯಂತ್ರಕ್ಕೆ ಹಾಕಿದ ಎಣ್ಣೆ ವರ್ಷ ವರ್ಷ ಇಳಿದು ಹಿಡಿಯ ಮರದ ತುದಿಯಲ್ಲಿ ಕೂತಿದೆ. ತುದಿಯ ಎಳೆಗಳು ಎಣ್ಣೆಯನ್ನು ಬತ್ತಿಯಂತೆ ಹೀರುತ್ತವೆ, ಹೀರಿದ ಮರ ಕೊಳೆಯದಿದ್ದರೂ ಬಲ ಕಳೆದುಕೊಳ್ಳುತ್ತದೆ. ಎಣ್ಣೆ ಹಚ್ಚಿದ ದಿನವಾದರೂ ಮೂತಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಬೇಕು. ಸೀಮೆಸುಣ್ಣದ ಪುಡಿ ಮೆತ್ತಿ ಬಿಸಿ ತೋರಿಸಿದರೆ ಸ್ವಲ್ಪ ಎಣ್ಣೆ ಹೊರಬರುತ್ತದೆ, ಆದರೆ ಈ ಹಿಡಿಯನ್ನು ಉಳಿಸುವ ಹಟ ಬೇಡ. ಹಳೆಯ ತುಂಡುಗಳನ್ನು ಎಸೆಯಬೇಡ, ಅಳತೆಗೆ ಅವೇ ನಿನಗೆ ಗುರು.

ಗೋಕಾಕದ ಬಡಿಗ

ನಾನು ಗೊಂಬೆ ಕೆತ್ತುವ ಮನೆತನದವನು, ಬಂದೂಕಿನ ಕೆಲಸ ಮಾಡಿದವನಲ್ಲ. ಮರದ ಬಗ್ಗೆ ಮಾತ್ರ ಹೇಳುತ್ತೇನೆ. ತೇಗ ಮಳೆಗೆ ಬಿಸಿಲಿಗೆ ಅಲುಗದ ಮರವೆಂಬುದು ನಿಜ, ಅದಕ್ಕೇ ತೊಲೆಗೆ ಹಾಕುತ್ತಾರೆ. ಆದರೆ ಹೊಡೆತಕ್ಕೆ ಅದು ಎಳೆಯ ಗುಂಟ ಸೀಳುತ್ತದೆ, ಸಣ್ಣ ಅಂಚು ಬಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಅದರಲ್ಲಿರುವ ಸಣ್ಣ ಮರಳಿನಂಥ ಅಂಶ ಉಳಿಯ ಬಾಯಿ ತಿನ್ನುತ್ತದೆ, ಸಹಜ ಎಣ್ಣೆ ಇರುವುದರಿಂದ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ತೊಲೆಯಲ್ಲಿ ನೂರು ವರ್ಷದ ಮೊಳೆಗಳು ಎಲ್ಲೆಲ್ಲಿ ಅಡಗಿವೆಯೋ ದೇವರೇ ಬಲ್ಲ.

ಅಕ್ರೋಟು ಎಲ್ಲಕ್ಕಿಂತ ಮೇಲು, ಹಗುರ, ಉಳಿಗೆ ಬೆಣ್ಣೆಯಂತೆ ಬರುತ್ತದೆ. ಆದರೆ ಅದು ಕಾಶ್ಮೀರದಿಂದ ಬರಬೇಕು, ಬಂದದ್ದು ಒಣಗಿದೆಯೋ ಇಲ್ಲವೋ ಎಂಬ ಖಾತ್ರಿ ಇರುವುದಿಲ್ಲ. ಬೀಟೆ ಅಂದ, ಆದರೆ ಭಾರ, ಅರಣ್ಯ ಇಲಾಖೆಯ ಕಾಗದಗಳೂ ಬೇಕು. ನನ್ನ ಆಯ್ಕೆ ಬೀಟೆಯ ಬಳಗದ್ದೇ ಆದ ಶೀಶಮ್. ಅಕ್ರೋಟಿಗಿಂತ ತೂಕ ಹೆಚ್ಚು, ಎಳೆ ಹೆಣೆದುಕೊಂಡಿರುವುದರಿಂದ ಸೀಳುವುದು ಕಡಿಮೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕೆಂಬುದು ನಮ್ಮ ಲೆಕ್ಕ, ಆದ್ದರಿಂದ ಎರಡೂವರೆ ಇಂಚಿನ ಹಲಗೆಯನ್ನು ಎರಡೂವರೆ ವರ್ಷಕ್ಕೆ ಮೊದಲು ಮುಟ್ಟಬೇಡಿ. ಹಲಗೆ ಆರಿಸುವಾಗ ಬಣ್ಣದ ಚಿತ್ತಾರ ನೋಡಿ ಮರುಳಾಗಬೇಡಿ. ಚಿತ್ತಾರ ಹಿಂಬದಿಯ ಅಗಲದಲ್ಲಿರಲಿ. ಹಿಡಿಯ ಸಣ್ಣ ಸೊಂಟದಲ್ಲಿ ಎಳೆಗಳು ಹಿಡಿಯ ಬಾಗನ್ನೇ ಹಿಡಿದು ಉದ್ದಕ್ಕೆ ಹರಿಯಬೇಕು, ಅಡ್ಡ ಹಾಯಬಾರದು. ಅಜ್ಜನವರ ದಸ್ತಾ ಒಡೆದದ್ದು ಎಣ್ಣೆಯಿಂದ ಮಾತ್ರವಲ್ಲ, ಅಲ್ಲಿ ಎಳೆ ಅಡ್ಡ ಹಾಯ್ದಿರಬೇಕೆಂದು ನನ್ನ ಊಹೆ.

ಖಾನಾಪುರದ ಮೊಮ್ಮಗ

ಈಗಷ್ಟೇ ನೋಡಿದೆ ಅಣ್ಣಾ. ಬಿರುಕು ಓಡಿದ ಓರೆಯೂ ಎಳೆ ಓಡಿದ ಓರೆಯೂ ಒಂದೇ.

ಉದ್ಯಮಬಾಗ ಲೇತ್

ಮರದ ಮಾತು ನಡೆಯಲಿ. ಕಬ್ಬಿಣದ ಕೆಲಸಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ನಮ್ಮ ಉದ್ಯಮಬಾಗವಿದೆ. ಪಂಪಿನ ಬಿಡಿಭಾಗಗಳನ್ನು ಕೂದಲೆಳೆಯ ಅಳತೆಗೆ ಕೊರೆಯುವವರು ನಾವು. ತೋಟಾ ಒಳತಳ್ಳಿ ಮುಚ್ಚುವ ಬೋಲ್ಟಿನ ಹಿಡಿಯನ್ನು ಹಳೆಯ ಸ್ಪೋರ್ಟಿಂಗ್ ರೈಫಲ್‌ಗಳಂತೆ ಚಪ್ಪಟೆ ಮಾಡಿ, ನಳಿಗೆಯನ್ನು ಒಂದೆರಡು ಸೂತು ತೆಳುಮಾಡಿ, ಮೂತಿಯನ್ನು ಹೊಸದಾಗಿ ಕುಂದಣ ಮಾಡಿದಂತೆ ಮಾಡಿಕೊಟ್ಟರೆ ರೈಫಲ್ ಗುರುತೇ ಸಿಗದಂತಾಗುತ್ತದೆ.

ಬಾಗಲಕೋಟೆ ವಕೀಲ

ಗುರುತು ಸಿಗದಂತಾಗುವುದೇ ಅಪರಾಧ, ಸ್ವಾಮಿ. ನಂಬರ್ ಇರುವ ಭಾಗಕ್ಕೆ ನಿಮ್ಮ ಲೇತ್ ತಾಗಿದರೆ ನೀವು, ರೈಫಲ್ ತಂದುಕೊಟ್ಟವರು ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುತ್ತೀರಿ. ಕೌಶಲ ನಿಮ್ಮಲ್ಲಿರಬಹುದು, ಪರವಾನಗಿ ಇಲ್ಲ. ಈ ಚರ್ಚೆಯಲ್ಲಿ ನಳಿಗೆ, ಬೋಲ್ಟ್ ಮತ್ತು ಕುದುರೆಗೆ (ಟ್ರಿಗರ್‌ಗೆ) ಕೈಹಾಕುವ ಸಲಹೆ ದಯವಿಟ್ಟು ಬೇಡ.

ನಿವೃತ್ತ ಆರ್ಮರರ್

ಕಾನೂನು ಪಕ್ಕಕ್ಕಿಟ್ಟು ನೋಡಿದರೂ ಅದು ತಪ್ಪು ಕೆಲಸ. ಕಾರ್ಖಾನೆಯಲ್ಲಿ ಒತ್ತಡ ಪರೀಕ್ಷೆ ಮುಗಿಸಿ ಬಂದ ನಳಿಗೆಯನ್ನು ತೆಳುಮಾಡಿದರೆ ಆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಲೀ ಮಾದರಿಯ ಬೋಲ್ಟ್ ಹಿಂದುಗಡೆ ಬೀಗ ಹಾಕಿಕೊಳ್ಳುತ್ತದೆ, ಮುಚ್ಚುವಾಗ ಸ್ಪ್ರಿಂಗ್ ಏರುತ್ತದೆ, ಎತ್ತುವ ಕೋನ ಮೌಸರ್‌ಗಿಂತ ಕಡಿಮೆ. ಆ ನುಣುಪು ಕೈಚಲನೆಯೇ ಅದರ ಚೆಲುವು. ಹಿಡಿ ಚಪ್ಪಟೆ ಮಾಡಿ ಮೌಸರ್ ವೇಷ ಹಾಕಿಸುವುದೇಕೆ?

ಲೇತ್‌ನವರಿಗೆ ಬೇರೆ ಕೆಲಸ ಕೊಡುತ್ತೇನೆ, ಬೇಸರ ಬೇಡ: ಎರಡು ತಾಮ್ರದ ತಗಡು, ಒಂದು ಮಿಲಿಮೀಟರಿನಷ್ಟು ದಪ್ಪದ್ದು, ನಾನು ಹೇಳಿದ ಅಳತೆಗೆ ಕತ್ತರಿಸಿ ಕೊಡಿ. ಅದು ಬಂದೂಕಿನ ಭಾಗವಲ್ಲ, ಮರಕ್ಕೆ ಹೊಡೆಯುವ ತೇಪೆ. ಯಾಕೆಂದು ಹೇಳುತ್ತೇನೆ. ಗುಂಡು ಹಾರಿದಾಗ ಒಡಲು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಮುಂಗಟ್ಟಿಗೆಯ ಹಿಂದಿನ ಎರಡು ಬದಿಗಳಲ್ಲಿರುವ, ಹೆಬ್ಬೆರಳಿನ ಉಗುರಿನಷ್ಟೇ ಅಗಲದ ಎರಡು ಮುಖಗಳು ತಡೆಯುತ್ತವೆ. ಎರಡೂ ಒಂದೇ ಹೊತ್ತಿಗೆ ತಾಗಬೇಕು. ಒಂದು ತಾಗಿ ಇನ್ನೊಂದರಲ್ಲಿ ಕಾಗದ ತೂರುವಷ್ಟು ಸಂದು ಉಳಿದರೆ ಗುಂಡುಗಳು ಒಂದೆಡೆ ಬೀಳದೆ ಸಾಲು ಹಿಡಿಯುತ್ತವೆ, ಕೆಲವೇ ದಿನಗಳಲ್ಲಿ ಮರ ಜಜ್ಜಿಹೋಗುತ್ತದೆ. ಆಸ್ಟ್ರೇಲಿಯಾದ ಲಿತ್ಗೋ ಕಾರ್ಖಾನೆಯವರು ಅಕ್ರೋಟು ಬಿಟ್ಟು ತಮ್ಮ ನಾಡಿನ ಮೆದು ಮರಗಳನ್ನು ಬಳಸಿದಾಗ ಇದೇ ಜಾಗದಲ್ಲಿ ತಾಮ್ರದ ತುಂಡುಗಳನ್ನು ಕೂರಿಸಿದರು. ನಮ್ಮ ಈಶಾಪುರದವರು ಸಿಪಾಯಿ ರೈಫಲ್‌ನ ಮುಂಗಟ್ಟಿಗೆಗೆ ಸೀಳದಂತೆ ಅಡ್ಡ ಸ್ಕ್ರೂ ಹಾಕಿದರು. ನೀನು ಎರಡನ್ನೂ ಮಾಡು.

ಮುಖ್ಯವಾದದ್ದು ಇನ್ನೊಂದಿದೆ, ಕೆಂಪು ಶಾಯಿಯಲ್ಲಿ ಬರೆದುಕೋ. ಹಳೆಯ ಮಾದರಿಯಲ್ಲಿ ದಸ್ತಾದ ಉದ್ದ ಬೋಲ್ಟಿನ ಮುಂತುದಿ ಚೌಕವಾಗಿದ್ದು, ಮುಂಗಟ್ಟಿಗೆಯೊಳಗಿನ ಸಣ್ಣ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬಿಚ್ಚುವಾಗ ಮೊದಲು ಮುಂಗಟ್ಟಿಗೆ, ಆಮೇಲೆ ದಸ್ತಾ. ಜೋಡಿಸುವಾಗ ಮೊದಲು ದಸ್ತಾ, ಆಮೇಲೆ ಮುಂಗಟ್ಟಿಗೆ. ಮುಂಗಟ್ಟಿಗೆ ಇರುವಾಗಲೇ ಬೋಲ್ಟ್ ತಿರುಗಿಸಿದರೆ ಆ ಚೌಕ ಒಳಗೇ ತಿರುಗಿ ಮರವನ್ನು ಸೀಳುತ್ತದೆ. ಹೊಸಬರು ಮುರಿದ ಮುಂಗಟ್ಟಿಗೆಗಳ ರಾಶಿಯನ್ನೇ ನಾನು ನೋಡಿದ್ದೇನೆ.

ವಿಜಯಪುರದ ಗುರಿಗಾರ್ತಿ

ನಾನು 10 ಮೀಟರ್ ಏರ್ ರೈಫಲ್ ಆಡುವವಳು, ಹಳೆಯ ರೈಫಲ್‌ಗಳ ಮೋಹ ನನಗಿಲ್ಲ. ಆದರೂ ದಸ್ತಾ ಮೈಗೆ ಹೊಂದುವ ವಿಷಯದಲ್ಲಿ ಎರಡು ಮಾತು ಹೇಳಬೇಕು. ನಮ್ಮ ಗುರಿಯ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಕೆನ್ನೆ ಮರಕ್ಕೆ ತಾಗುವ ಜಾಗ ಒಂದು ದಿನ ಒಂದೆಡೆ, ಮರುದಿನ ಇನ್ನೊಂದೆಡೆ ಆದರೆ ಆ ಚುಕ್ಕೆ ಸಿಗುವುದೇ ಇಲ್ಲ. ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದ ರೈಫಲ್ ನೋಡಿದ್ದೀರಲ್ಲ: ಕೆನ್ನೆಯ ಪಟ್ಟಿ, ಭುಜದ ಕೊಕ್ಕೆ, ಎಲ್ಲವೂ ಮೈಗೆ ತಕ್ಕಂತೆ ಸರಿಯುತ್ತವೆ. ಹಳೆಯ ಮಾದರಿಯ ಮರದಲ್ಲಿ ಏನೂ ಸರಿಯುವುದಿಲ್ಲ, ಆದ್ದರಿಂದ ಕೆತ್ತುವ ಮೊದಲೇ ಎಲ್ಲ ಅಳತೆ ನಿಶ್ಚಯವಾಗಿರಬೇಕು.

ಹಳೆಯ ಇಂಗ್ಲಿಷ್ ದಸ್ತಾಗಳ ಬೆನ್ನು ತುಂಬಾ ಇಳಿಜಾರು. ಗುರಿ ಹಿಡಿಯಲು ನಳಿಗೆಯ ಮೇಲಿರುವ ಕಬ್ಬಿಣದ ಸೈಟುಗಳ ಮೂಲಕ ನೋಡುವವರಿಗೆ ಅದು ಸರಿ. ಮುಂದೆ ದೂರದರ್ಶಕ ಕೂರಿಸುವ ಯೋಚನೆ ಇದ್ದರೆ ಕೆನ್ನೆ ಗಾಳಿಯಲ್ಲಿ ತೂಗುತ್ತದೆ, ಒದೆತವೂ ನೇರ ಭುಜಕ್ಕೆ ಬಾರದೆ ಮೂತಿಯನ್ನು ಮೇಲೆತ್ತುತ್ತದೆ. ಮೊದಲು ಅದನ್ನು ತೀರ್ಮಾನಿಸಿ.

ನಾನು ಹೇಳುವ ಉಪಾಯ ಅಗ್ಗದ್ದು. ತೊಲೆಯ ತೇಗದಲ್ಲಿ ಇಲ್ಲವೇ ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲಿ ಒರಟಾದ ನಮೂನೆಯೊಂದನ್ನು ಮಾಡಿ ಅಂಗಡಿಯಲ್ಲೇ ಕೂರಿಸಿ. ರೈಫಲ್ ಖಾಲಿಯಿದೆಯೆಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ, ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಹಿಂದಿನ ಸೈಟಿನಲ್ಲಿ ಮುಂದಿನ ಸೈಟು ತಾನಾಗಿ ಕೂತಿರಬೇಕು. ಕುತ್ತಿಗೆ ಚಾಚಿದರೆ ದಸ್ತಾ ಉದ್ದವಾಯಿತು, ಹೆಬ್ಬೆರಳು ಮೂಗಿಗೆ ಬಡಿದರೆ ಗಿಡ್ಡವಾಯಿತು. ಕುದುರೆಯಿಂದ ಹಿಂತುದಿಗೆ ಹದಿಮೂರೂವರೆ ಇಂಚು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರ ತೋಳೂ ಒಂದೇ ಅಲ್ಲ.

ನಿವೃತ್ತ ಆರ್ಮರರ್

ತಂಗಿ ಹೇಳಿದ್ದು ಸರಿ. ಸೈನ್ಯದಲ್ಲೂ ಈ ರೈಫಲ್‌ಗೆ ಗಿಡ್ಡ, ಸಾಧಾರಣ, ಉದ್ದ ಎಂದು ಬೇರೆ ಬೇರೆ ಅಳತೆಯ ದಸ್ತಾಗಳಿದ್ದವು, ಮರದ ಮೇಲೆ ಅಕ್ಷರ ಒತ್ತಿರುತ್ತಿತ್ತು. ಆದರೆ ದೂರದರ್ಶಕದ ಮಾತು ಎತ್ತಬೇಡ, ಅದಕ್ಕೆ ಒಡಲಿನಲ್ಲಿ ತೂತು ಕೊರೆಯಬೇಕು. ಕಬ್ಬಿಣದ ಸೈಟೇ ಇರಲಿ, ಇಳಿಜಾರು ಮಾತ್ರ ಹಳೆಯವರಿಗಿಂತ ತುಸು ಕಡಿಮೆ ಮಾಡೋಣ.

ಖಾನಾಪುರದ ಮೊಮ್ಮಗ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಶೀಶಮ್ ಹಲಗೆ ಸಿಕ್ಕಿತು, ರಸೀದಿಯ ಸಮೇತ. ದುರಸ್ತಿ ಅಂಗಡಿಯ ವೃದ್ಧ ಮೇಸ್ತ್ರಿಗಳು ಹಿಂದಿ ಮಾತಿನವರು. ಮೊದಲ ದಿನ ಅವರು “ಕುಂದಾ ಹೊಸದೇ ಬೇಕೇ?” ಎಂದು ಕೇಳಿದಾಗ, ಬೆಳಗಾವಿಯವರೆಂದು ಸಿಹಿ ಕೇಳುತ್ತಿದ್ದಾರೆಂದು ತಿಳಿದು ಮರುದಿನ ಅರ್ಧ ಕಿಲೋ ಕುಂದಾ ಒಯ್ದೆ. ಅವರು ನಕ್ಕು ದಸ್ತಾ ತೋರಿಸಿದರು. ಅವರ ಮಾತಿನಲ್ಲಿ ಬಂದೂಕಿನ ಹಿಂಗಟ್ಟಿಗೆಯೂ ಕುಂದಾ. ಸಿಹಿ ಮಾತ್ರ ಅಂದೇ ಮುಗಿಯಿತು.

ತೇಗದ ನಮೂನೆಯಿಂದ ನನಗೆ ಹದಿಮೂರೂವರೆಗಿಂತ ಕಾಲು ಇಂಚು ಹೆಚ್ಚು ಬೇಕೆಂದು ಗೊತ್ತಾಯಿತು. ಹೊರ ಆಕಾರವನ್ನು ಗೋಕಾಕದ ಅಣ್ಣನವರು ಹಳೆಯ ತುಂಡುಗಳಿಂದ ತೆಗೆದ ರಟ್ಟಿನ ನಮೂನೆ ನೋಡಿ ಕಡಿದುಕೊಟ್ಟರು. ಕೂರಿಸುವ ಕೆಲಸ ಮೇಸ್ತ್ರಿಗಳ ಮೇಜಿನ ಮೇಲೆ, ಪ್ರತಿ ಶನಿವಾರ. ಕಬ್ಬಿಣಕ್ಕೆ ಮಸಿ ಹಚ್ಚಿ, ಮರದಲ್ಲಿ ಒತ್ತಿ, ಮಸಿ ತಾಗಿದ ಕಡೆ ಮಾತ್ರ ಒಂದು ಸಿಬಿರು ಕೆತ್ತಿ, ಮತ್ತೆ ಒತ್ತುವುದು. ಪೇಟೆಯ ಬಣ್ಣ ಕೈಗೆಲ್ಲ ಮೆತ್ತಿಕೊಳ್ಳುತ್ತದೆಂದು ನಮ್ಮ ಅವ್ವ ಹರಳೆಣ್ಣೆಯ ದೀಪಕ್ಕೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಕಾಡಿಗೆ ಕೊಟ್ಟಳು. ಅದಕ್ಕಿಂತ ತೆಳುವಾಗಿ ಕೂರುವ ಮಸಿ ಇಲ್ಲವೆಂದು ಮೇಸ್ತ್ರಿಗಳೇ ಈಗ ಒಂದು ಡಬ್ಬಿ ಇಟ್ಟುಕೊಂಡಿದ್ದಾರೆ. ಮೊದಲ ದಿನ ಎರಡು ಉಬ್ಬುಗಳ ಮೇಲೆ ಮಾತ್ರ ಕಪ್ಪು ಚುಕ್ಕೆ; ಒಂಬತ್ತನೆಯ ಶನಿವಾರ ಒಳಮೈಯೆಲ್ಲ ಚಿರತೆಯ ಚರ್ಮದಂತಾಗಿತ್ತು, ತಾಮ್ರದ ಎರಡೂ ಮುಖಗಳಲ್ಲಿ ಮಸಿ ಒಂದೇ ಸಮ.

ಹತ್ತನೆಯ ಶನಿವಾರ ನಾನು ಹೋಗುವುದು ತಡವಾಯಿತು. ಅಷ್ಟರಲ್ಲಿ ಅಂಗಡಿಯ ಹುಡುಗ ದಸ್ತಾ ಸಡಿಲವಿದೆಯೆಂದು, ಮುಂಗಟ್ಟಿಗೆ ಬಿಚ್ಚದೆ, ಉದ್ದ ಬೋಲ್ಟ್ ತಿರುಗಿಸಿದ್ದ. ನಾನು ಒಳಗೆ ಕಾಲಿಡುವಾಗ ಅವನು ಮುಂಗಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ಹಿಂತುದಿ ಕಡಲೆಕಾಯಿಯಂತೆ ಎರಡು ಹೋಳು. ಕಾಕಾ ಕೆಂಪು ಶಾಯಿಯಲ್ಲಿ ಬರೆದುಕೋ ಎಂದದ್ದನ್ನು ನಾನು ಬರೆದುಕೊಂಡಿದ್ದೆ, ಅಂಗಡಿಯಲ್ಲಿ ಹೇಳಿರಲಿಲ್ಲ.

ಗೋಕಾಕದ ಬಡಿಗ

ಹಲಗೆಯಲ್ಲಿ ಇನ್ನೊಂದು ಮುಂಗಟ್ಟಿಗೆಗೆ ಆಗುವಷ್ಟು ಮರ ಉಳಿದಿದೆ. ಬರುವ ಬುಧವಾರ ಕಡಿದಿಡುತ್ತೇನೆ. ಮಜೂರಿಯ ಮಾತು ಬೇಡ.

ನಿವೃತ್ತ ಆರ್ಮರರ್

ಹುಡುಗನನ್ನು ಬೈದಿರಬೇಡ, ಆ ಪಾಠ ಅವನಿಗೆ ಸಾಯುವವರೆಗೂ ನೆನಪಿರುತ್ತದೆ. ಸೀಳಿದ ತುಂಡಿನ ತಾಮ್ರವನ್ನು ಬಿಚ್ಚಿ ಹೊಸದಕ್ಕೆ ಹಾಕು. ಕೊಂಬಿನ ಟೋಪಿ ಏನಾಯಿತು?

ಖಾನಾಪುರದ ಮೊಮ್ಮಗ

ನಮ್ಮ ಮಾವನವರ ಕೊಟ್ಟಿಗೆಯಲ್ಲಿ ತೀರಿಹೋದ ಪಂಢರಪುರಿ ಎಮ್ಮೆಯ ಮಾರುದ್ದದ ಕೊಂಬು ಇತ್ತು ಕಾಕಾ. ಅಷ್ಟು ಉದ್ದವಿದ್ದರೂ ಒಳಗೆಲ್ಲ ಟೊಳ್ಳು, ತುದಿಯ ಒಂದು ಗೇಣು ಮಾತ್ರ ಗಟ್ಟಿ. ಕೊಯ್ದಾಗ ಕೂದಲು ಸುಟ್ಟ ವಾಸನೆ ಓಣಿಯೆಲ್ಲ ಹರಡಿ ಪಕ್ಕದವರು ವಿಚಾರಿಸಲು ಬಂದರು. ನುಣ್ಣಗೆ ಉಜ್ಜಿದ ಮೇಲೆ ಮಾತ್ರ ಒಳಗಿನಿಂದ ಹೊಗೆಯಂಥ ಬೂದು ಗೆರೆ ಎದ್ದಿದೆ.

ಈಗ ಎಣ್ಣೆಯ ವಿಷಯ. ಅಗಸೆ ಎಣ್ಣೆಯೇ ಸರಿಯೇ?

ವಿಜಯಪುರದ ಗುರಿಗಾರ್ತಿ

ಅಗಸಿ ನಮ್ಮ ಹೊಲದ್ದು, ಚಟ್ನಿಗೆ ಉಳಿಸಿ! ನಗೆಯ ಮಾತಿರಲಿ, ಒಂದು ಎಚ್ಚರಿಕೆ. ಬೆಳಗಾವಿಯ ಮಳೆಗಾಲದಲ್ಲಿ ಕೂರಿಸಿದ ಮರವನ್ನು ಏಪ್ರಿಲ್‌ನಲ್ಲಿ ನಮ್ಮ ವಿಜಯಪುರಕ್ಕೆ ತಂದು ನೋಡಿ. ಇಲ್ಲಿ 40 ಡಿಗ್ರಿ ದಾಟಿದ ಒಣಹವೆಯಲ್ಲಿ ಬಾಗಿಲ ಚೌಕಟ್ಟುಗಳೇ ಸಡಿಲಾಗುತ್ತವೆ. ಮರ ಉದ್ದಕ್ಕೆ ಬದಲಾಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಎಣ್ಣೆ ಹೊರಮೈಗೆ ಮಾತ್ರ ಹಚ್ಚಿದರೆ ಪ್ರಯೋಜನವಿಲ್ಲ. ಹಿಂತುದಿಯ ತಗಡಿನ ಅಡಿ, ಕಬ್ಬಿಣ ಕೂರುವ ಒಳಮೈ, ಸ್ಕ್ರೂ ತೂತುಗಳ ಒಳಗೋಡೆ, ಎಲ್ಲಕ್ಕೂ ಹಚ್ಚಬೇಕು.

ನಿವೃತ್ತ ಆರ್ಮರರ್

ಗಾಣದ ಹಸಿ ಅಗಸೆ ಎಣ್ಣೆ ವಾರಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ‘ಬಾಯಿಲ್ಡ್’ ಎಣ್ಣೆಯಲ್ಲಿ ಬೇಗ ಒಣಗಿಸುವ ಲವಣಗಳಿರುತ್ತವೆ, ಅದನ್ನು ತಾ. ಮನೆಯ ಒಲೆಯ ಮೇಲೆ ಕುದಿಸಿದರೆ ಅದು ಆಗುವುದಿಲ್ಲ. ಅಂಗೈಯ ಬಿಸಿಯಿಂದ ಉಜ್ಜಬೇಕು, ಒಂದು ಹನಿಯಲ್ಲಿ ಅಂಗೈಯಗಲ ಮರ. ಅರ್ಧ ಗಂಟೆಯ ಮೇಲೆ ಹೆಚ್ಚಾದದ್ದನ್ನು ಪೂರ್ತಿ ಒರೆಸು. ಹೀಗೆ ಇಪ್ಪತ್ತು ದಿನ. ಹಳೆಯ ಲಂಡನ್‌ನವರ ಕೆಂಪು ಛಾಯೆ ಬೇಕಾದರೆ ಗಿಡಮೂಲಿಕೆ ಅಂಗಡಿಯ ರತನ್‌ಜೋತ್ ಬೇರನ್ನು ಎಣ್ಣೆಯಲ್ಲಿ ಒಂದು ವಾರ ನೆನೆಸಿಡು. ಶೀಶಮ್‌ಗೆ ಸ್ವಲ್ಪವೇ ಸಾಕು.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಬಿಡಿಸಿ ಹರವು.

ಚೆಕರಿಂಗ್ ಕೊನೆಗೆ. ಇಂಚಿಗೆ 20 ಗೆರೆಗಿಂತ ಹೆಚ್ಚು ಬೇಡ. ಸಣ್ಣ ಗೆರೆ ನೋಡಲು ಚೆಂದ, ಬೆವರುವ ಕೈಗೆ ಹಿಡಿತ ಕೊಡುವುದಿಲ್ಲ. ಮೊದಲೆರಡು ಗೆರೆಗಳು ಕೂಡುವ ಕೋನ ತಪ್ಪಿದರೆ ಉಳಿದದ್ದೆಲ್ಲ ತಪ್ಪಿದಂತೆಯೇ, ಆದ್ದರಿಂದ ಮೊದಲು ತೇಗದ ನಮೂನೆಯ ಮೇಲೆ ಕೈ ಪಳಗಿಸಿಕೋ.

ಖಾನಾಪುರದ ಮೊಮ್ಮಗ

ಕೆಲಸ ಮುಗಿಯಿತು. ದುರಸ್ತಿಯ ರಸೀದಿ ಪರವಾನಗಿ ಪುಸ್ತಕದ ಜೊತೆಯಲ್ಲೇ ಇದೆ, ವಕೀಲರೇ. ಹಳೆಯ ಮರಕ್ಕಿಂತ ತೂಕ ಕಾಲು ಕಿಲೋದಷ್ಟು ಹೆಚ್ಚಾಗಿದೆ, ಒದೆತ ಅಷ್ಟೇ ಕಡಿಮೆ ಅನ್ನಿಸುತ್ತದೆ. ಹಿಡಿಯ ಎಡಬದಿಯ ಚೆಕರಿಂಗ್‌ನಲ್ಲಿ ಒಂದು ಗೆರೆ ಅಂಚು ದಾಟಿ ಓಡಿದೆ. ಅಲ್ಲಿ ನನ್ನ ಹೆಬ್ಬೆರಳು ಬರುವುದರಿಂದ ಮುಚ್ಚಿಹೋಗುತ್ತದೆ. ರೇಂಜ್‌ನಲ್ಲಿ 100 ಮೀಟರಿಗೆ ಐದು ಗುಂಡು: ಹಳೆಯ ಮರದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಚದುರುತ್ತಿದ್ದವು, ಈಗ ಎಲ್ಲವೂ ಅಂಗೈಯೊಳಗೆ ಬಿದ್ದಿವೆ. ಐದನೆಯದು ತುಸು ಎಡಕ್ಕೆ, ಅದು ನನ್ನ ತಪ್ಪು. ಉಳಿದ ತೇಗದಲ್ಲಿ ರೈಫಲ್ ಮಲಗಿಸಿಡುವ ಪೆಟ್ಟಿಗೆ ಮಾಡಿಸಿದ್ದೇನೆ. ಇನ್ನು ಮೂಲೆಯಲ್ಲಿ ನಿಲ್ಲಿಸುವುದಿಲ್ಲ.

ಒಂದೇ ಅನುಮಾನ ಕಾಕಾ. ನಳಿಗೆ ಮತ್ತು ಮುಂಗಟ್ಟಿಗೆಯ ನಡುವೆ ಹತ್ತು ರೂಪಾಯಿಯ ನೋಟು ಮೇ ತಿಂಗಳಲ್ಲಿ ಸರಾಗವಾಗಿ ಹಾಯುತ್ತಿತ್ತು. ಈಗ ಜುಲೈನ ಮಳೆಯಲ್ಲಿ ಬಲಬದಿಗೆ, ಕೊಂಬಿನಿಂದ ನಾಲ್ಕು ಬೆರಳು ಹಿಂದೆ, ಸಿಕ್ಕಿಕೊಳ್ಳುತ್ತಿದೆ. ಅಂಗಡಿಗೆ ಒಯ್ದು ಕೆತ್ತಿಸಲೇ?

ನಿವೃತ್ತ ಆರ್ಮರರ್

ಈಗ ಮುಟ್ಟಬೇಡ. ನೀರುಂಡ ಮರವನ್ನು ಕೆತ್ತಿದರೆ ಬೇಸಿಗೆಯಲ್ಲಿ ಅಲ್ಲಿ ಹಳ್ಳ ಉಳಿಯುತ್ತದೆ. ದಸರೆ ಕಳೆದು ಹದಿನೈದು ದಿನ ಬಿಟ್ಟು ಮತ್ತೆ ನೋಟು ಹಾಯಿಸಿ ನೋಡು.

ಖಾನಾಪುರದ ಮೊಮ್ಮಗ

ದೀಪಾವಳಿಯ ಹಿಂದಿನ ದಿನ ನೋಡಿದೆ ಕಾಕಾ. ನೋಟು ಕೊಂಬಿನಿಂದ ಒಡಲಿನವರೆಗೆ ಎಲ್ಲೂ ನಿಲ್ಲದೆ ಹಾಯಿತು.